ಮೇರು ದಾಟಿದ ಬೆರಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲವಾದರೆ ಸಿಟ್ಟಿನ ಭರದಲ್ಲಿ ಮರೆತುಹೋದೀತು. ತಲೆ ತುಂಬ ಕೂದಲು. ಅಳುವ ಮೊದಲು ಕೆಳದುಟಿ ನಡುಗುತ್ತದೆ. ಹಸಿವಾದರೆ ಬಂಟ್ವಾಳ ಪೇಟೆಗೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅನ್ನ ಬೇಯಲು ಇಟ್ಟು ತೊಟ್ಟಿಲು ನೋಡಿ ಬರುತ್ತೇನೆ, ಸಾರಿಗೆ ಒಗ್ಗರಣೆ ಹಾಕಿ ಇನ್ನೊಮ್ಮೆ ನೋಡಿ ಬರುತ್ತೇನೆ. "ಅಮ್ಮ, ಅವಳು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಮಗಳು ನಗುತ್ತಾಳೆ.

ಸಿಟ್ಟು ಯಾಕೆಂದರೆ, ನನ್ನ ಕಾಯಿಲೆಯ ನಿಜ ಈಗ ಊರಿಗೆ ಗೊತ್ತಾದ ಮೇಲೆ, ಮಗು ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಾರೆ. "ನಿಮ್ಮ ಜಪ ನಿಮ್ಮನ್ನು ಕಾಪಾಡಿತು ನೋಡಿ. ಎಂಥ ಕಾಯಿಲೆ ಹೋಯಿತು! ಎಲ್ಲ ಆ ಮಣಿಸರದ ಮಹಿಮೆ." ಇದೇ ಬಾಯಿಗಳು ಹಿಂದೆ ಏನು ಹೇಳಿದ್ದವು ಎಂದು ನನಗೆ ಚೆನ್ನಾಗಿ ನೆನಪಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೆ ಇಂಥ ಮಾತು ಕೇಳಿ ಕೇಳಿ ಹೊಟ್ಟೆ ಉರಿದುಹೋಗಿದೆ. ಎಲ್ಲಾದರೂ ಒಬ್ಬ ಹೆಂಗಸು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದರೆ, ಅವಳು ಇದನ್ನು ಓದಲಿ.

ನನಗೆ ಬಂದದ್ದು ಕುಷ್ಠ. ಹೆಸರು ಬರೆದೇ ಬರೆಯುತ್ತೇನೆ. ಬರೆದರೆ ಕಾಗದಕ್ಕೇನೂ ಅಂಟುವುದಿಲ್ಲ.

ಬಂಟ್ವಾಳದಲ್ಲಿ ನನ್ನ ಗಂಡನಿಗೆ ಸಣ್ಣ ಹೋಟೆಲು. ಹಿಂದೆ ಮನೆ, ಮುಂದೆ ಹೋಟೆಲು. ಇಡ್ಲಿ, ಸಾಂಬಾರು ಎಲ್ಲ ಮನೆಯ ಅಡುಗೆಕೋಣೆಯಿಂದಲೇ ಹೋಗಬೇಕು. ನನ್ನ ಅತ್ತೆ ಇಟ್ಟ ಒಂದು ಕ್ರಮ ಇತ್ತು. ಬೆಳಗ್ಗೆ ಒಲೆ ಹಚ್ಚುವ ಮೊದಲು ಮಿಂದು, ದೇವರ ಕೋಣೆಯಲ್ಲಿ ಕೂತು, ಮೂರು ಸುತ್ತು ರಾಮನಾಮ ಮುಗಿಸಬೇಕು. ಮದುವೆಯಾಗಿ ಬಂದ ಮರುದಿನವೇ ನನಗೆ ತುಳಸಿಮಣಿಯ ಜಪಸರ ಕೊಟ್ಟಿದ್ದರು. ಸರವನ್ನು ನಡುಬೆರಳ ಮೇಲೆ ಹಾಕಿಕೊಂಡು ಹೆಬ್ಬೆರಳಿನಿಂದ ಒಂದೊಂದೇ ಮಣಿ ಎಳೆಯುವುದು. ತೋರುಬೆರಳು ತಾಗಬಾರದು. ನೂರೆಂಟು ಮಣಿ ಆದಮೇಲೆ ಸ್ವಲ್ಪ ದೊಡ್ಡದಾದ ಒಂದು ಮಣಿ ಬರುತ್ತದೆ, ಅದಕ್ಕೆ ಮೇರು ಎನ್ನುತ್ತಾರೆ. ಮೇರುವನ್ನು ದಾಟಬಾರದು. ಅಲ್ಲಿಗೆ ಬಂದರೆ ಸರವನ್ನು ತಿರುಗಿಸಿ ಬಂದ ದಾರಿಯಲ್ಲೇ ಹಿಂದೆ ಹೋಗಬೇಕು. ಕಣ್ಣು ಮುಚ್ಚಿರಬೇಕು. ಮೇರು ಬಂತೆಂದು ಬೆರಳೇ ಹೇಳಬೇಕು. ಅತ್ತೆ ನನ್ನ ಎದುರೇ ಕೂರುತ್ತಿದ್ದರು. ಅವರ ಬಾಯಲ್ಲಿ ರಾಮ, ಕಣ್ಣೆಲ್ಲ ನನ್ನ ಬೆರಳ ಮೇಲೆ.

ನಿಜ ಹೇಳಬೇಕೆಂದರೆ ಆ ಹೊತ್ತು ನನಗೆ ಇಷ್ಟವಿತ್ತು. ಇಡೀ ದಿನದಲ್ಲಿ ಯಾರೂ ನನ್ನನ್ನು ಕರೆಯದ ಹೊತ್ತು ಅದೊಂದೇ.

ಮಗಳು ಸುಮತಿ ಶಾಲೆಗೆ ಹೋಗಲು ಶುರು ಮಾಡಿದ ಕಾಲ ಅದು. ನನ್ನ ಬಲಗೈಗೆ ಬಿಸಿ ತಾಗುವುದು ಕಡಿಮೆಯಾಯಿತು. ಇಡ್ಲಿಪಾತ್ರೆಯ ಮುಚ್ಚಳವನ್ನು ಬಟ್ಟೆ ಇಲ್ಲದೆ ತೆಗೆದುಬಿಡುತ್ತಿದ್ದೆ. ಮೊದಲು ನೋಡಿದವರು ಅತ್ತೆ. ಅವರ ಕಣ್ಣು ಅರಳಿತು.

"ನೋಡಿದಿರಾ?" ಎಂದು ಪಕ್ಕದ ಮನೆಯವರನ್ನು ಕರೆದು ತೋರಿಸಿದರು. "ನಮ್ಮ ಸೊಸೆಗೆ ಬೆಂಕಿಯೂ ಸುಡುವುದಿಲ್ಲ. ಎಲ್ಲ ಜಪದ ಬಲ. ನಾನು ಕೂರಿಸಿ ಕಲಿಸಿದ್ದು!"

"ಹೌದಾ ಮಾರಾಯ್ತಿ, ಇನ್ನೊಮ್ಮೆ ಎತ್ತು ನೋಡುವ!" ಎಂದರು ಅವರು.

ಎತ್ತಿದೆ. ಎಲ್ಲರೂ ಕೈಮುಗಿದರು. ಸಂಜೆ ಬೆರಳ ತುದಿಯಲ್ಲಿ ನೀರುಗುಳ್ಳೆ ಎದ್ದಿತು. ಅತ್ತೆ ಅದಕ್ಕೆ ಬೆಣ್ಣೆ ಹಚ್ಚಿದರು, ಮರುದಿನ ಇನ್ನಿಬ್ಬರನ್ನು ಕರೆದು ತೋರಿಸಿದರು. ಒಂದು ಕೈ ಸಾಯುತ್ತಿತ್ತು, ಆ ಮನೆಯಲ್ಲಿ ಅದರ ಪ್ರದರ್ಶನ ನಡೆಯುತ್ತಿತ್ತು. ಇವತ್ತಿಗೂ ಅದನ್ನು ನೆನೆದರೆ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಆಮೇಲೆ ಒಂದು ಬೆಳಗ್ಗೆ ಜಪದ ನಡುವೆ ಅತ್ತೆ ಕಿರುಚಿದರು: "ನಿಲ್ಲಿಸು! ಮೇರು ದಾಟಿದೆ ನೀನು!"

ಕಣ್ಣು ಬಿಟ್ಟು ನೋಡಿದರೆ ಹೌದು. ಮೇರು ಹಿಂದೆ ಹೋಗಿತ್ತು, ನನ್ನ ಹೆಬ್ಬೆರಳು ಮುಂದಿನ ಮಣಿಗಳನ್ನು ಎಳೆಯುತ್ತಲೇ ಇತ್ತು. "ಗೊತ್ತಾಗಲಿಲ್ಲ ಅತ್ತೆ" ಎಂದೆ.

"ಗೊತ್ತಾಗಲಿಲ್ಲವಂತೆ! ಮನಸ್ಸು ಎಲ್ಲಿಟ್ಟಿದ್ದೀ? ಹೋಟೆಲಿಗೆ ಬರುವವರ ಮೇಲಾ?"

ಮರುದಿನವೂ ದಾಟಿತು. ಅದರ ಮರುದಿನವೂ. ನಾನು ಹಲ್ಲು ಕಚ್ಚಿ, ಬೆರಳಿನ ಮೇಲೆಯೇ ಮನಸ್ಸಿಟ್ಟು ಎಳೆದರೂ ಮೇರು ಎಲ್ಲಿ ಬಂತು, ಎಲ್ಲಿ ಹೋಯಿತು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮುಂಗೈ ಮೇಲೆ ಮಸುಕಾದ ಒಂದು ಮಚ್ಚೆ ಕಾಣಿಸಿತು. ಚಿವುಟಿದರೆ ನೋವಿಲ್ಲ. ಮನೆಗೆ ಬರುತ್ತಿದ್ದ ಪುರೋಹಿತರು ದೂರದಿಂದಲೇ ನೋಡಿದರು. ಅತ್ತೆ ಮೇರುವಿನ ಸಂಗತಿ ಹೇಳಿದರು. ಪುರೋಹಿತರು ತಲೆಯಾಡಿಸಿ, "ಮೇರು ದಾಟಿದ ಕೈ. ಸುಮ್ಮನೆ ಬಿಡ್ತದಾ?" ಎಂದರು.

ಮುಗಿಯಿತು. ಜಪದ ಬಲವಾಗಿದ್ದದ್ದು ಜಪದ ಪಾಪವಾಯಿತು. ಅದೇ ಕೈ, ಅದೇ ಬೆರಳು. ನನ್ನ ಗಂಡ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಹೋಟೆಲಿಗೆ ಬರುವವರ ಕಿವಿಗೆ ಈ ಸುದ್ದಿ ಬಿದ್ದರೆ ಏನು ಗತಿ ಎಂಬುದು ಮಾತ್ರ ಅವರ ಮುಖದಲ್ಲಿ ಕಾಣುತ್ತಿತ್ತು.

ಅತ್ತೆ ಒಂದು ಉಪಾಯ ಕಂಡುಹಿಡಿದರು. ನಾನು ಕೋಟಿ ಜಪದ ವ್ರತ ಹಿಡಿದಿದ್ದೇನೆ, ಆದ್ದರಿಂದ ಇಡೀ ದಿನ ಮಡಿಯಲ್ಲಿರುತ್ತೇನೆ, ಯಾರೂ ಮುಟ್ಟಬಾರದು ಎಂದು ಊರಿಗೆಲ್ಲ ಹೇಳಿದರು. ಅಡುಗೆಕೋಣೆಯಿಂದ ನನ್ನನ್ನು ಹೊರಗೆ ಹಾಕಿ ಹಿಂದಿನ ಚಾವಡಿಯಲ್ಲಿ ಚಾಪೆ ಕೊಟ್ಟರು. ನೋಡಿದವರಿಗೆ ನಾನು ತಪಸ್ವಿನಿ! ಮುಟ್ಟಬಾರದ ರೋಗಿಗೂ ಮುಟ್ಟಬಾರದ ಮಡಿಯವಳಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ, ನೋಡಿ. ಸುಮತಿಗೂ ಹಾಗೆಯೇ ಹೇಳಿದರು: "ಅಮ್ಮ ಮಡಿಯಲ್ಲಿದ್ದಾರೆ. ಹತ್ತಿರ ಹೋಗಬೇಡ."

ಮಗು ಕೆಲವು ದಿನ ದೂರ ನಿಂತು ನೋಡಿತು. ಒಂದು ಮಧ್ಯಾಹ್ನ ಬಾವಿಕಟ್ಟೆಯ ಕಡೆಯಿಂದ ನೀರಿನ ಸದ್ದು ಕೇಳಿಸಿತು. ನೋಡಿದರೆ ಸುಮತಿ ಲಂಗ, ರವಿಕೆಯ ಸಮೇತ ತಲೆಯ ಮೇಲೆ ನೀರು ಹೊಯ್ದುಕೊಂಡು ಬರುತ್ತಿದ್ದಾಳೆ. ಜಡೆಯಿಂದ ನೀರು ತೊಟ್ಟಿಕ್ಕುತ್ತಿದೆ, ತುಟಿ ನಡುಗುತ್ತಿದೆ.

"ಅಜ್ಜಿ, ಈಗ ನಾನೂ ಮಡಿ. ಅಮ್ಮನನ್ನು ಮುಟ್ಟಬಹುದಾ?"

ಅತ್ತೆ ನನ್ನ ಗಂಡನನ್ನು ಕೂಗಿ ಕರೆದರು. ಮಗು ಕೈ ಚಾಚಿಕೊಂಡು ನನ್ನ ಕಡೆ ಬಂತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿದೆ. ನನಗೂ ಭಯವಿತ್ತಲ್ಲ, ಅವಳಿಗೆ ಬಂದರೆ? ನನ್ನ ಗಂಡ ಓಡಿಬಂದು ಒದ್ದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಅವಳು ಅವರ ಹೆಗಲ ಮೇಲಿಂದ, "ನಾನು ಸರಿಯಾಗಿ ಮಿಂದಿದ್ದೇನೆ! ತಲೆಗೂ ಹೊಯ್ದಿದ್ದೇನೆ!" ಎಂದು ಕೂಗುತ್ತಿದ್ದಳು.

ಅದೇ ವಾರ ನನ್ನನ್ನು ನಾರಾವಿಗೆ, ತವರಿಗೆ ಕಳುಹಿಸಿದರು.

ಅಲ್ಲಿ ಅಣ್ಣ, ಅತ್ತಿಗೆ. ಬಸ್ಸಿಳಿದು ಅಂಗಳಕ್ಕೆ ಬಂದವಳು, ಒಳಗೆ ಹೋಗದೆ ಜಗಲಿಯ ಕೆಳಗೇ ನಿಂತೆ. ಅತ್ತಿಗೆ ಬಂದು ನೋಡಿದಳು. "ಎಂಥದು, ನೆಂಟರ ಹಾಗೆ ನಿಂತಿದ್ದೀ? ತಲೆಯೆಲ್ಲ ಗಂಟು ಕಟ್ಟಿದೆ" ಎಂದು ಬಾಚಣಿಗೆ ತಂದು, ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ತಲೆ ಬಾಚಿದಳು. ಎಷ್ಟೋ ಕಾಲದ ಮೇಲೆ ಮನುಷ್ಯರ ಕೈ ನನ್ನ ತಲೆಗೆ ತಾಗಿದ್ದು. ನನಗೆ ಅಳು ಬಂತು. ಅವಳು ಕೂದಲು ಎಳೆಯಿತೆಂದು ತಿಳಿದು, "ಮೆಲ್ಲ ಬಾಚ್ತೇನೆ, ಮೆಲ್ಲ" ಎಂದಳು.

ಅಣ್ಣ ನನ್ನನ್ನು ಮೂಡುಬಿದಿರೆಯ ಒಬ್ಬ ಡಾಕ್ಟರರ ಬಳಿ ಕರೆದುಕೊಂಡು ಹೋದ. ಜ್ವರ, ಕೆಮ್ಮಿನವರಿಗೆ ಒಳಗೆ ಬೆಂಚು. ನಮ್ಮಂಥವರು ಹೊರಗೆ ಹಲಸಿನ ಮರದ ಬುಡದಲ್ಲಿ. ಹಾಗೆ ಕೂರಬೇಕೆಂದು ಡಾಕ್ಟರು ಹೇಳಿದ್ದಲ್ಲ. ಒಳಗೆ ಕೂತವರು ನಮ್ಮ ಕೈಕಾಲು ನೋಡಿದರೆ ಎದ್ದು ನಿಲ್ಲುತ್ತಿದ್ದರು. ಅದನ್ನು ನೋಡುವ ಬದಲು ಮರವೇ ವಾಸಿ.

ಸರದಿ ಬಂದಾಗ ಒಳಗೆ ಹೋದೆ. ಜಪಸರ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ, ಎಳೆದು ಬಿಸಾಡಲು ಧೈರ್ಯವಿರಲಿಲ್ಲ. ಡಾಕ್ಟರು ಹತ್ತಿಯ ಎಳೆಯಿಂದ ಕೈಯನ್ನು ಅಲ್ಲಲ್ಲಿ ಸವರಿ, "ಎಲ್ಲಿ ತಾಗಿತು, ಹೇಳಿ" ಎಂದರು. ನಾನು ಉತ್ತರಿಸುವ ಬದಲು ಅಳುತ್ತಾ ಮೇರುವಿನ ಕತೆ ಹೇಳಿದೆ. ಅವರು ಹತ್ತಿ ಕೆಳಗಿಟ್ಟರು.

"ಆ ಸರ ಇಲ್ಲಿ ಉಂಟಾ? ಕೊಡಿ. ಕಣ್ಣು ಮುಚ್ಚಿ."

ಬಲಗೈಯ ಬೆರಳುಗಳ ನಡುವೆ ಒಂದು ಮಣಿ ಇಟ್ಟರು. "ಇದು ಮಣಿಯಾ, ಮೇರುವಾ?"

"ಗೊತ್ತಾಗುವುದಿಲ್ಲ."

ಎಡಗೈಗೆ ಕೊಟ್ಟರು. "ಇದು?"

"ಮೇರು!" ಎಂದೆ. ಹಾಗೆಂದ ಮೇಲೆ ನನಗೇ ಮೈ ಜುಮ್ಮೆಂದಿತು.

"ನೋಡಿ ಅಮ್ಮ," ಎಂದರು ಡಾಕ್ಟರು, ಶಾಲೆಯ ಮೇಷ್ಟರ ಹಾಗೆ ನಿಧಾನವಾಗಿ, "ನೀವು ಮೇರು ದಾಟಿದ್ದಕ್ಕೆ ರೋಗ ಬಂದದ್ದಲ್ಲ. ರೋಗ ಬಂದದ್ದಕ್ಕೆ ಬೆರಳಿಗೆ ಮೇರು ಗೊತ್ತಾಗಲಿಲ್ಲ. ಅಷ್ಟೇ. ಮಾತ್ರೆ ಉಂಟು. ವರ್ಷಗಟ್ಟಲೆ ತಿನ್ನಬೇಕು. ಹೋದ ಸ್ಪರ್ಶ ಬರುವುದು ಕಷ್ಟ, ಆದರೆ ರೋಗ ನಿಲ್ತದೆ. ಸುಮ್ಮನೆ ಅಳಬೇಡಿ."

ಕ್ಷಯವೋ ಜ್ವರವೋ ಬಂದವರಿಗೆ ಡಾಕ್ಟರ ಮಾತು ಕೇಳಿ ಸಮಾಧಾನವಾಗುತ್ತದೆ. ನನಗೆ ಬಂದದ್ದು ಸಿಟ್ಟು. ಅಲ್ಲಿಯವರೆಗೆ ನಾನೇ ಪಾಪಿ ಎಂದು ನಂಬಿ ತಲೆ ತಗ್ಗಿಸಿಕೊಂಡಿದ್ದೆನಲ್ಲ. ನಿಂತ ನಿಲುವಿನಲ್ಲೇ ಬಂಟ್ವಾಳಕ್ಕೆ ಹೋಗಿ ಇಡ್ಲಿಪಾತ್ರೆಗಳನ್ನೆಲ್ಲ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಮನೆಗೆ ಹೋಗುವ ದಾರಿಯಲ್ಲಿ ಅಣ್ಣ, "ಈಗ ಯಾಕೆ ಮುಖ ಹೀಗೆ? ಒಳ್ಳೆಯ ಸುದ್ದಿಯಲ್ವಾ?" ಎಂದು ಕೇಳಿದ. "ಒಳ್ಳೆಯದೇ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಪಾಪ.

ಹಲಸಿನ ಮರದ ಕೆಳಗೆ ನನಗೆ ಸಿಕ್ಕಿದವರು ರಂಗೂನಕ್ಕ. ಗಂಡನ ಕೆಲಸಕ್ಕಾಗಿ ರಂಗೂನಿನಲ್ಲಿದ್ದು, ಯುದ್ಧದ ಕಾಲದಲ್ಲಿ ನಡೆದುಕೊಂಡು ಊರಿಗೆ ಬಂದವರು. ಕಾಲಿನ ಎರಡು ಬೆರಳು ಹೋಗಿದ್ದವು, ನಾಲಗೆ ಮಾತ್ರ ಪೂರ್ತಿ ಇತ್ತು. ಮಾತ್ರೆಗೆ ಹೋದಾಗಲೆಲ್ಲ ಅವರ ಪಕ್ಕದಲ್ಲೇ ಕೂರುತ್ತಿದ್ದೆ. ಒಂದು ದಿನ ನನ್ನ ಸೊಂಟದ ಸರ ನೋಡಿ, "ಇದು ಇಲ್ಲಿಗೂ ಬಂದಿದೆಯಾ?" ಎಂದರು.

"ಜಪ ಬಿಟ್ಟಿದ್ದೇನೆ ಅಕ್ಕ. ಬಲಗೈಗೆ ಮಣಿ ಗೊತ್ತಾಗುವುದಿಲ್ಲ."

"ಎಡಗೈ ಬಿದ್ದುಹೋಗಿದೆಯಾ?"

"ಎಡಗೈಯಲ್ಲಿ ಮಾಡಬಾರದಲ್ಲ!"

"ಯಾರು ಹೇಳಿದ್ದು? ನಿನ್ನ ಅತ್ತೆಯಾ?" ರಂಗೂನಕ್ಕ ನಕ್ಕರು. "ಅಲ್ಲಿ ಬುದ್ಧನ ಗುಡಿಗಳಲ್ಲಿ ಮುದುಕಿಯರು ಸಾಲಾಗಿ ಕೂತು ಮಣಿ ಎಣಿಸ್ತಾರೆ. ಅವರದ್ದೂ ನೂರೆಂಟೇ. ಕೆಲವರ ಪಕ್ಕದಲ್ಲಿ ಚುಟ್ಟ ಇರ್ತದೆ, ಎಣಿಸಿ ಮುಗಿದ ಮೇಲೆ ಸೇದಲಿಕ್ಕೆ. ಯಾರ ಯಾವ ಕೈ ಎಂದು ಯಾರೂ ಕಣ್ಣು ಹಾಕುವುದಿಲ್ಲ. ನಿನ್ನ ಅತ್ತೆ ಅಲ್ಲಿ ಹುಟ್ಟಿದ್ದರೆ ಎರಡು ದಮ್ಮು ಎಳೆದು ತಣ್ಣಗಿರುತ್ತಿದ್ದರು."

ಅತ್ತೆಯ ಬಾಯಲ್ಲಿ ಚುಟ್ಟವನ್ನು ಊಹಿಸಿಕೊಂಡು ನಾನು ನಕ್ಕ ನಗುವಿಗೆ ಒಳಗಿನ ಬೆಂಚಿನವರೆಲ್ಲ ಹೊರಗೆ ಇಣುಕಿದರು.

ಎಡಗೈಯಲ್ಲಿ ಶುರು ಮಾಡಿದೆ. ಮೊದಮೊದಲು ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಮನಸ್ಸು ಎಲ್ಲಿ ನಿಲ್ಲಬೇಕು? ಒಂದು ಮಣಿಗೆ ರಾಮ ಎಂದರೆ ಮುಂದಿನದಕ್ಕೆ ಅತ್ತೆಗೆ ಬೈಗುಳ ಬರುತ್ತಿತ್ತು, ಅದರ ಮುಂದಿನದಕ್ಕೆ ಗಂಡನಿಗೆ. ರಂಗೂನಕ್ಕನಿಗೆ ಹೇಳಿದೆ. "ಬೈಗುಳವನ್ನೂ ಲೆಕ್ಕಕ್ಕೆ ಹಿಡೀತೀಯಾ?" ಎಂದು ಕೇಳಿದರು. "ಹಿಡೀತೇನೆ" ಎಂದೆ. "ಹಾಗಾದರೆ ನಿನ್ನದು ಬೇಗ ಕೋಟಿ ಆಗ್ತದೆ" ಎಂದರು.

ಜಪದಿಂದ ನನ್ನ ರೋಗ ಗುಣವಾಗಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಗುಣ ಮಾಡಿದ್ದು ಮಾತ್ರೆ. ಆದರೆ ಮಾತ್ರೆ ತಿಂದು, ನಾಳೆಯೂ ತಿಂದು, ಮಗಳ ಮುಖ ಕಾಣದೆ, ಇನ್ನೂ ಎಷ್ಟು ಕಾಲವೋ ಎಂದು ಕೂರಬೇಕಲ್ಲ, ಆ ಕೂರುವುದಕ್ಕೆ ಜಪ ಬೇಕಾಯಿತು. ಒಂದು ಮಣಿ ಬಿಟ್ಟು ಇನ್ನೊಂದು ಹಿಡಿಯುವಷ್ಟು ಹೊತ್ತು ತಾಳಿಕೊಂಡರೆ ಸಾಕು ಎಂದು ಅದು ನನಗೆ ಕಲಿಸಿತು. ಅದರ ಹೆಸರಿನಲ್ಲಿ ಇದಕ್ಕಿಂತ ಹೆಚ್ಚು ಹೇಳುವವರು ನನ್ನ ಎದುರು ಬರಬೇಡಿ.

ಇನ್ನು ಅಂಟುವುದಿಲ್ಲ ಎಂದು ಡಾಕ್ಟರು ಹೇಳಿ, ಬಂಟ್ವಾಳಕ್ಕೆ ಸುದ್ದಿ ಕಳುಹಿಸಿದ ಮೇಲೂ ಯಾರೂ ಬರಲಿಲ್ಲ. ಗಂಡ ಬಂದದ್ದು ಅತ್ತೆ ಹಾಸಿಗೆ ಹಿಡಿದ ಮೇಲೆ. ಜಗಲಿಯಲ್ಲಿ ಕೂತು ಕಾಫಿ ಕುಡಿದು, "ಅಮ್ಮನನ್ನು ನೋಡಿಕೊಳ್ಳಲಿಕ್ಕೆ ಜನ ಇಲ್ಲ. ನೀನು ಬಂದರೆ ಒಳ್ಳೆಯದಿತ್ತು" ಎಂದರು.

"ಈ ಕೈ ಆಗ್ತದಾ ಅವರಿಗೆ?"

ತಲೆ ತಗ್ಗಿಸಿದರು. "ಸುಮತಿ ದಿನಾ ಕೇಳ್ತಾಳೆ."

ಸುಮತಿಯ ಹೆಸರು ಹೇಳಿದ್ದಕ್ಕೆ ಹೋದೆ. ಅತ್ತೆಗೆ ಗಂಜಿ ಕುಡಿಸಿದೆ, ಮೈ ಒರೆಸಿದೆ. ಕೊನೆಯ ದಿನದವರೆಗೂ ಅವರು ತಪ್ಪಾಯಿತು ಎನ್ನಲಿಲ್ಲ. ನಾನೂ ಕ್ಷಮಿಸಲಿಲ್ಲ. ಕ್ಷಮಿಸಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಸುಮತಿ ಮಾತ್ರ ನನಗಿಂತ ಎತ್ತರಕ್ಕೆ ಬೆಳೆದು, ನಾನು ಮನೆಯೊಳಗೆ ಕಾಲಿಟ್ಟ ಕೂಡಲೇ ಬಂದು ತಬ್ಬಿಕೊಂಡಳು. ಅವಳಿಗೆ ನಿಜ ಹೇಳಿದೆ. "ಅಷ್ಟೇಯಾ?" ಎಂದಳು.

ಅವಳ ಮದುವೆ ಗುರುವಾಯನಕೆರೆಯ ಅಂಗಡಿಯವರ ಮನೆಗೆ ಆಯಿತು. ಅಲ್ಲಿಗೂ ಕೋಟಿ ಜಪದ ಕತೆಯೇ ಹೋಗಿತ್ತು. ನಿಜ ಹೇಳಿಬಿಡುವ ಎಂದು ನಾನು ಎಷ್ಟೋ ಹೇಳಿದೆ. "ಹುಡುಗಿಯ ಬಾಳಿಗೆ ಕಲ್ಲು ಹಾಕ್ತೀಯಾ?" ಎಂದು ಗಂಡ ಬಾಯಿ ಮುಚ್ಚಿಸಿದರು. ಮದುವೆಯ ಚಪ್ಪರದಲ್ಲಿ ಅಳಿಯನ ಕಡೆಯವರು ಬಂದು ನನ್ನ ಕಾಲಿಗೆ ಬೀಳುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಈಗ ಚೊಚ್ಚಲ ಹೆರಿಗೆಗೆ ಮಗಳು ನಮ್ಮಲ್ಲಿಗೆ ಬಂದಳು. ಮಗು ಹುಟ್ಟಿತು. ಸುದ್ದಿ ತಿಳಿದು ಅವಳ ಅತ್ತೆ ಗುರುವಾಯನಕೆರೆಯಿಂದ ಬಸ್ಸು ಹಿಡಿದು ಬಂದರು. ದೊಡ್ಡ ಮೈಯವರು, ದೊಡ್ಡ ಸ್ವರ. ನಾನು ಮಗು ಮೀಯಿಸಲು ಹಂಡೆಯಿಂದ ಬಿಸಿನೀರು ತೋಡಿ, ಸೀರೆ ಮೇಲಕ್ಕೆ ಕಟ್ಟಿ, ಬಚ್ಚಲಿನಲ್ಲಿ ಕಾಲು ನೀಡಿ ಕೂತಿದ್ದೆ. ಮಗು ಅವರ ಕೈಯಲ್ಲಿತ್ತು.

"ತಡೀರಿ ಅಕ್ಕ," ಎಂದರು ಅವರು. "ಮೀಯಿಸುವ ಮೊದಲು ಆ ಬಲಗೈ ಒಮ್ಮೆ ಮಗುವಿನ ತಲೆಯ ಮೇಲೆ ಇಡಿ. ಕೋಟಿ ಜಪ ಮಾಡಿದ ಕೈ. ಆಶೀರ್ವಾದ ಆಗಲಿ."

ಸುಮ್ಮನೆ ಕೈ ಇಟ್ಟಿದ್ದರೆ ಮುಗಿಯುತ್ತಿತ್ತು. ಮಗು ನನ್ನ ಕಾಲ ಮೇಲೆ ಬರುತ್ತಿತ್ತು. ನಿಜ ಹೇಳಿದರೆ ಇವರು ಮಗುವನ್ನು ಹಾಗೆಯೇ ಎತ್ತಿಕೊಂಡು ಬಸ್ಸು ಹತ್ತಿದರೆ? ಬಾಣಂತಿಯನ್ನೂ ಕರೆದುಕೊಂಡು ಹೋದರೆ? ಆದರೆ ಇಷ್ಟು ವರ್ಷದ ಸಿಟ್ಟು ಗಂಟಲಿಗೆ ಬಂದುಬಿಟ್ಟಿತ್ತು.

"ಇದು ಕೋಟಿ ಜಪದ ಕೈಯಲ್ಲ. ಕುಷ್ಠ ಬಂದ ಕೈ. ಮೂಡುಬಿದಿರೆಯ ಡಾಕ್ಟರರ ಮಾತ್ರೆ ತಿಂದ ಕೈ. ವ್ರತ, ಮಡಿ ಎಲ್ಲ ಈ ಮನೆಯವರು ಕಟ್ಟಿದ ಸುಳ್ಳು."

ಕೋಣೆಯೊಳಗಿಂದ ಸುಮತಿ, "ಅಮ್ಮ!" ಎಂದಳು. ಗಂಡ ಹೊರಗೆ ಕೆಮ್ಮಿದರು.

ಮಗಳ ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡು ನಿಂತರು. ಆಮೇಲೆ ಮಗುವನ್ನು ಎಡತೋಳಿಗೆ ಬದಲಿಸಿ, ಬಗ್ಗಿ, ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಒತ್ತಿದರು.

"ಗೊತ್ತಾಗ್ತದಾ?"

"ಇಲ್ಲ."

"ನೋವುಂಟಾ?"

"ಅದೂ ಇಲ್ಲ."

"ಡಾಕ್ಟರು ಏನು ಹೇಳಿದ್ದಾರೆ?"

"ಅಂಟುವುದಿಲ್ಲ ಎಂದು ಹೇಳಿ ವರ್ಷಗಳಾದವು. ಬೇಕಾದರೆ ನೀವೇ ಹೋಗಿ ಕೇಳಿ."

"ಕೇಳ್ತೇನೆ," ಎಂದರು. "ನನ್ನ ಹತ್ತಿರ ಸುಳ್ಳು ಹೇಳಿ ಮದುವೆ ಮಾಡಿದ್ದೀರಲ್ಲ, ಅದಕ್ಕೆ ನನಗೆ ಕೆಟ್ಟ ಸಿಟ್ಟು ಬಂದಿದೆ. ಅದನ್ನು ನಿಮ್ಮ ಯಜಮಾನರ ಹತ್ತಿರ ಆಮೇಲೆ ಮಾತಾಡ್ತೇನೆ. ಈಗ ನೀರು ಆರ್ತದೆ. ಮಗು ಮೀಯಲಿ."

ಮಗುವನ್ನು ತಂದು ನನ್ನ ಕಾಲುಗಳ ಮೇಲೆ ಮಲಗಿಸಿದರು. ಮಲಗಿಸಿ ದೂರ ಹೋಗಲಿಲ್ಲ, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, "ನೀರಿನ ಹದ ನಾನು ನೋಡ್ತೇನೆ, ನೀವು ಎಣ್ಣೆ ಉಜ್ಜಿ" ಎಂದರು.

ಜಗಳಕ್ಕೆಂದು ಇಷ್ಟು ವರ್ಷ ಕೂಡಿಟ್ಟ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಜಗಳವಾಡಲು ಎದುರು ಯಾರೂ ಇರಲಿಲ್ಲ. ಎಣ್ಣೆ ಹಚ್ಚಿದೆ. ಬೆರಳಿಗೆ ಅವಳು ಗೊತ್ತಾಗಲಿಲ್ಲ, ಅಂಗೈಗೆ ಗೊತ್ತಾದಳು. ಸಣ್ಣ ಎದೆಗೂಡು ಅಂಗೈ ಅಡಿಯಲ್ಲಿ ಏರಿ ಇಳಿಯುತ್ತಿತ್ತು. ಮೊದಲ ಚೊಂಬು ನೀರು ಬಿದ್ದದ್ದೇ ತಡ, ಊರು ಹಾರಿಹೋಗುವ ಹಾಗೆ ಕಿರುಚಿದಳು. ಮುಖವೆಲ್ಲ ಕೆಂಪು, ಮುಷ್ಟಿ ಬಿಗಿ, ಕಾಲಿನಿಂದ ನನ್ನ ಹೊಟ್ಟೆಗೆ ಒದೆತ.

"ಅಬ್ಬ, ಎಂಥ ಸಿಟ್ಟು ಇದಕ್ಕೆ!" ಎಂದರು ಮಗಳ ಅತ್ತೆ. "ಯಾರ ಹಾಗೆ ಇದು?"

"ನನ್ನ ಹಾಗೆ," ಎಂದೆ. "ಇನ್ನೊಂದು ಚೊಂಬು ಹೊಯ್ಯಿರಿ."